ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ: ಎಂಇ/ಸಿಎಫ್‌ಎಸ್ ಕಾಯಿಲೆಯ ಬೆನ್ನು ಹತ್ತಿದ ವಿಜ್ಞಾನ

ಮಲೆನಾಡಿನವರಿಗೆ ಜ್ವರ ಹೊಸದಲ್ಲ. ಮಳೆಗಾಲಕ್ಕೆ ಡೆಂಗಿ, ಇಲಿಜ್ವರ. ಕಾಡಿನಲ್ಲಿ ದರಗು ಒಣಗುವ ಹೊತ್ತಿಗೆ ಮಂಗನ ಕಾಯಿಲೆ. 2006ರ ಚಿಕುನ್‌ಗುನ್ಯ ಕಾಟವನ್ನು ಇನ್ನೂ ಮರೆಯದವರಿದ್ದಾರೆ. ಅದಾದ ಮೇಲೆ ಕೋವಿಡ್. ಇಂಥ ಜ್ವರ ಬಂದವರಲ್ಲಿ ಹೆಚ್ಚಿನವರು ಕೆಲವು ವಾರಕ್ಕೆ ಗಂಜಿ ಬಿಟ್ಟು ಊಟಕ್ಕೆ ಬರುತ್ತಾರೆ, ನಿಧಾನಕ್ಕೆ ತೋಟಕ್ಕೂ ಇಳಿಯುತ್ತಾರೆ. ಕೆಲವರು ಮಾತ್ರ ಏಳುವುದಿಲ್ಲ. ಆರು ತಿಂಗಳಾಗುತ್ತದೆ, ವರ್ಷವಾಗುತ್ತದೆ. ಅಂಗಳ ಗುಡಿಸಿದರೆ ಎರಡು ದಿನ ಹಾಸಿಗೆ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲಾ ನಾರ್ಮಲ್. "ಡಾಕ್ಟರೇ ಏನೂ ಇಲ್ಲ ಅಂದ್ರಲ್ಲ, ಸುಮ್ನೆ ಮಲಗಿದ್ದಾಳೆ" ಎಂಬ ಮಾತು ಅಡುಗೆಮನೆಯಿಂದ ಕೇಳಿಸುತ್ತದೆ.

ಹೀಗೆ ಏಳಲಾಗದೆ ಮಲಗಿದವರಲ್ಲಿ ಒಂದಷ್ಟು ಜನರಿಗೆ ಇರುವುದು ಹೆಸರಿರುವ ಒಂದು ಕಾಯಿಲೆ. ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಚಿಕ್ಕದಾಗಿ ಎಂಇ/ಸಿಎಫ್‌ಎಸ್. ವಿಶ್ವ ಆರೋಗ್ಯ ಸಂಸ್ಥೆ 1969ರಿಂದಲೂ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೂ ಇದು ಏಕೆ ಬರುತ್ತದೆ ಎನ್ನುವುದಕ್ಕೆ ಬಹಳ ಕಾಲ ಯಾರ ಬಳಿಯೂ ಉತ್ತರ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಈ ಕಾಯಿಲೆ ಇರುವವರ ಜೀನ್‌ಗಳಲ್ಲಿ ಎಂಟು ಕಡೆ ವ್ಯತ್ಯಾಸ ಕಂಡಿದೆ ಎಂದು ಹೇಳಿತು. ವಾಟ್ಸಾಪ್‌ನಲ್ಲಿ ಇಂಥ ಸುದ್ದಿ "ಕಾರಣ ಸಿಕ್ಕೇಬಿಟ್ಟಿತು" ಎಂಬ ರೂಪ ಪಡೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಿಜವಾಗಿ ಸಿಕ್ಕಿದ್ದೇನು, ಸಿಗದೇ ಇದ್ದದ್ದೇನು ಎಂದು ಬುಡದಿಂದ ನೋಡೋಣ.

ಇದು ಬರೀ ದಣಿವಲ್ಲ

ಇಡೀ ದಿನ ಅಡಿಕೆ ಸುಲಿದವರಿಗೂ ದಣಿವಾಗುತ್ತದೆ. ಆದರೆ ರಾತ್ರಿ ನಿದ್ದೆ ಮಾಡಿ ಎದ್ದರೆ ಅದು ಹೋಗುತ್ತದೆ. ಎಂಇ/ಸಿಎಫ್‌ಎಸ್‌ನಲ್ಲಿ ನಿದ್ದೆ ಮಾಡಿದರೂ ನಿದ್ದೆ ಮಾಡಿದಂತೆ ಅನ್ನಿಸುವುದಿಲ್ಲ. ತಲೆ ಮಂಕಾಗುತ್ತದೆ, ಓದಿದ್ದು ನಿಲ್ಲುವುದಿಲ್ಲ, ಮಾತಿನ ನಡುವೆ ಪದ ಸಿಗುವುದಿಲ್ಲ. ಎದ್ದು ನಿಂತರೆ ಎದೆ ಡವಗುಟ್ಟುತ್ತದೆ, ತಲೆ ತಿರುಗುತ್ತದೆ. ಇವೆಲ್ಲ ಬೇರೆ ಕಾಯಿಲೆಗಳಲ್ಲೂ ಇರಬಹುದು. ಇದನ್ನು ಬೇರೆಯಾಗಿ ಗುರುತಿಸುವ ಲಕ್ಷಣ ಇನ್ನೊಂದಿದೆ. ಸ್ವಲ್ಪ ಶ್ರಮಪಟ್ಟರೂ ಕಾಯಿಲೆ ಒಟ್ಟಾರೆ ಕೆಡುತ್ತದೆ. ಅದೂ ಕೂಡಲೇ ಅಲ್ಲ. ಹಲವರಲ್ಲಿ ಒಂದು ಅಥವಾ ಎರಡು ದಿನ ಬಿಟ್ಟು ಹೊಡೆತ ಬೀಳುತ್ತದೆ.

ಭಾನುವಾರ ಚೆನ್ನಾಗಿದ್ದೇನೆ ಎನ್ನಿಸಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದವರು ಮಂಗಳವಾರ ಕಣ್ಣು ಬಿಡಲಾರರು. ನೋಡುವವರಿಗೆ ಎರಡಕ್ಕೂ ಸಂಬಂಧವೇ ಕಾಣಿಸುವುದಿಲ್ಲ. "ಮೊನ್ನೆ ಅಷ್ಟು ನಗುನಗುತ್ತಾ ಓಡಾಡಿದ್ದಳಲ್ಲ" ಎನ್ನುತ್ತಾರೆ. ಶ್ರಮ ಎಂದರೆ ಮೈಯ ಕೆಲಸವೇ ಆಗಬೇಕಿಲ್ಲ. ಜಾಸ್ತಿ ಹೊತ್ತು ಲೆಕ್ಕ ಬರೆದರೂ, ಗದ್ದಲದಲ್ಲಿ ಕೂತರೂ ಹೀಗೇ ಆಗಬಹುದು.

ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಸಿಂಗಲ್ ಫೇಸ್ ಕರೆಂಟು ಇರುತ್ತದಲ್ವಾ, ಹೆಚ್ಚುಕಡಿಮೆ ಹಾಗೆ ಇದು. ಮನೆಯೊಳಗೆ ಬಲ್ಬು ಉರಿಯುತ್ತಿರುತ್ತದೆ. ಟೆಸ್ಟರ್ ಇಟ್ಟರೆ ಕೆಂಪು ದೀಪ ಬರುತ್ತದೆ. ಹೊರಗಿನವರು ಕರೆಂಟು ಇದೆ ಎಂದೇ ಹೇಳುತ್ತಾರೆ. ಆದರೆ ತೋಟದ ಪಂಪ್‌ಸೆಟ್ ತಿರುಗುವುದಿಲ್ಲ. ಹಟಕ್ಕೆ ಬಿದ್ದು ಮೋಟಾರು ಚಾಲೂ ಮಾಡಲು ಹೋದರೆ ಗುಂಯ್ ಎಂದು ಬಿಸಿಯಾಗಿ ಕಾಯಿಲ್ ಸುಡುತ್ತದೆ. ಮಾಮೂಲಿ ರಕ್ತ ಪರೀಕ್ಷೆ ನೋಡುವುದು ಬಲ್ಬನ್ನು. ಕೆಟ್ಟಿರುವುದು ಇನ್ನೆಲ್ಲೋ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಈ ಕಾಯಿಲೆಯನ್ನು ಗುರುತಿಸಲು ಒಂದು ಅಳತೆ ಕೊಟ್ಟಿತು. ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಮೊದಲಿನಷ್ಟು ಕೆಲಸ ಮಾಡಲಾಗದ ಸುಸ್ತು, ಶ್ರಮದ ನಂತರದ ಈ ಕುಸಿತ, ನಿದ್ದೆಯಿಂದ ಚೇತರಿಕೆ ಆಗದಿರುವುದು. ಇವು ಮೂರೂ ಇರಲೇಬೇಕು. ಜೊತೆಗೆ ತಲೆ ಮಂಕು ಅಥವಾ ನಿಂತಾಗ ತೊಂದರೆ, ಎರಡರಲ್ಲಿ ಒಂದಾದರೂ ಇರಬೇಕು. ಆ ದೇಶದಲ್ಲೇ ಈ ಕಾಯಿಲೆ ಇರುವವರಲ್ಲಿ 100ಕ್ಕೆ 84ರಿಂದ 91 ಜನರಿಗೆ ತಮಗಿರುವುದು ಇದೇ ಎಂದು ಯಾವ ವೈದ್ಯರೂ ಹೇಳಿಲ್ಲ ಎಂದು ಅದೇ ವರದಿ ಅಂದಾಜು ಮಾಡಿತು. ನಮ್ಮ ಕಡೆಯ ಕಥೆ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ನನಗೇನೂ ಅನ್ನಿಸುವುದಿಲ್ಲ.

ಜ್ವರಕ್ಕೂ ಇದಕ್ಕೂ ಏನು ನಂಟು?

ಆಸ್ಟ್ರೇಲಿಯಾದಲ್ಲಿ ಡಬ್ಬೊ ಎಂಬ ಊರಿದೆ. ಸುತ್ತ ಹೊಲ, ಕುರಿ, ದನ. ಅಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಜ್ವರದ ದಿನಗಳಿಂದಲೇ ಹಿಂಬಾಲಿಸಿ ನೋಡಿದರು. ಒಂದು ಎಪ್ಸ್ಟೀನ್ ಬಾರ್ ಎಂಬ ವೈರಸ್. ಎರಡನೆಯದು ದನಕುರಿಗಳಿಂದ ಬರುವ ಕ್ಯೂ ಜ್ವರ, ಇದು ಬ್ಯಾಕ್ಟೀರಿಯಾದ್ದು. ಮೂರನೆಯದು ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್. ಇದು ನಮ್ಮ ಚಿಕುನ್‌ಗುನ್ಯ ವೈರಸ್‌ನ ಹತ್ತಿರದ ಸಂಬಂಧಿ. ಫಲಿತಾಂಶ 2006ರಲ್ಲಿ ಬಂತು. ಆರು ತಿಂಗಳು ಕಳೆದರೂ ಸುಮಾರು 100ಕ್ಕೆ 12 ಜನ ಏಳಲಾಗದ ಸ್ಥಿತಿಯಲ್ಲೇ ಇದ್ದರು.

ಇದರಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ರೋಗಾಣು ಯಾವುದೇ ಇರಲಿ, ಕೊನೆಗೆ ತಲುಪಿದ ಸ್ಥಿತಿ ಒಂದೇ. ಯಾರು ಹೀಗೆ ಉಳಿಯುತ್ತಾರೆ ಎನ್ನುವುದನ್ನು ಮುಖ್ಯವಾಗಿ ಹೇಳಿದ್ದು ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬುದು. ಮೊದಲೇ ಮನಸ್ಸಿನ ತೊಂದರೆ ಇತ್ತೋ ಇಲ್ಲವೋ ಎಂಬುದಲ್ಲ. ಅಂದಮೇಲೆ ರೋಗಾಣುವಿಗಿಂತ, ಅದಕ್ಕೆ ನಮ್ಮ ಮೈ ಕೊಡುವ ಉತ್ತರದಲ್ಲಿ ಏನೋ ಇದೆ. ಕೋವಿಡ್ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂತು. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕೋವಿಡ್ ಆದವರ ಪೈಕಿ 100ಕ್ಕೆ ನಾಲ್ಕೈದು ಜನ ಆರು ತಿಂಗಳ ಮೇಲೆ ಎಂಇ/ಸಿಎಫ್‌ಎಸ್ ಅಳತೆಗೆ ಸರಿಹೊಂದಿದರು.

ಇಲ್ಲಿ ಮಂಗನ ಕಾಯಿಲೆಯ ವಿಷಯ ಬರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆಯಿಂದ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ನಿತ್ರಾಣವೆಲ್ಲ ಎಂಇ/ಸಿಎಫ್‌ಎಸ್ ಅಲ್ಲ. ಮೈ ನಿಧಾನಕ್ಕಾದರೂ ವಾರದಿಂದ ವಾರಕ್ಕೆ ಸುಧಾರಿಸುತ್ತಿದ್ದರೆ ಅದು ಚೇತರಿಕೆ. ಚಿಕುನ್‌ಗುನ್ಯ ನಂತರದ ಗಂಟು ನೋವೂ ಅಷ್ಟೆ, ಅದು ಗಂಟುಗಳ ಉರಿಯೂತ. ಸುಧಾರಿಸುವ ಬದಲು, ಕೆಲಸ ಮಾಡಿದಾಗಲೆಲ್ಲ ಹಿಂದಕ್ಕೆ ಬೀಳುತ್ತಿದ್ದರೆ ಅನುಮಾನಪಡಬೇಕು.

ಜೀನ್‌ನಲ್ಲಿ ಏನು ಹುಡುಕಿದರು?

ಜೀನ್ ಕಾಯಿಲೆ ಎಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಹಂದಿಗೋಡು ನೆನಪಾಗಬಹುದು. ಸಾಗರ ತಾಲೂಕಿನ ಆ ಊರಿನ ಹೆಸರಲ್ಲೇ 1970ರ ದಶಕದಿಂದ ಒಂದು ಕಾಯಿಲೆ ಗುರುತಾಗಿದೆ. ಸೊಂಟ, ಬೆನ್ನುಮೂಳೆ, ಕೀಲುಗಳು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆ. ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಮೊದಮೊದಲು ಅನುಮಾನವಿತ್ತು. ಆಮೇಲಿನ ಅಧ್ಯಯನಗಳು ಅದು ವಂಶದಲ್ಲಿ ಹರಿದು ಬರುವುದು ಎಂದವು. ಅಪ್ಪ ಅಥವಾ ಅಮ್ಮ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎನ್ನುವ ಬಗೆಯದ್ದು.

ಎಂಇ/ಸಿಎಫ್‌ಎಸ್ ಆ ಬಗೆಯದ್ದಲ್ಲ. ಇಲ್ಲಿ ಒಂದು ಜೀನ್ ಕೆಟ್ಟು ಕಾಯಿಲೆ ಬರುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿಗಳ ಹಾಗೆ ಹತ್ತಾರು ಕಡೆಯ ಚಿಕ್ಕಚಿಕ್ಕ ವ್ಯತ್ಯಾಸಗಳು ಸೇರಿ ಅಪಾಯವನ್ನು ತುಸು ಏರಿಸುತ್ತವೆ. ಮೇಲೆ ಒಂದು ಸೋಂಕೋ ಇನ್ನೇನೋ ಬಂದು ಬೀಳಬೇಕು. ಹಾಗಾಗಿ "ಇದು ವಂಶದಲ್ಲಿ ಬರುತ್ತಾ, ಹುಡುಗಿಗೆ ಮದುವೆ ಮಾಡಬಹುದಾ" ಎಂದು ಕೇಳುವವರಿಗೆ ಹಂದಿಗೋಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು ಹೇಳಬೇಕಾಗುತ್ತದೆ.

ಇಂಥ ಚಿಕ್ಕ ವ್ಯತ್ಯಾಸಗಳನ್ನು ಹುಡುಕುವುದು ಹೇಗೆ? ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಬಹುಪಾಲು ಎಲ್ಲರಲ್ಲೂ ಒಂದೇ. ಲಕ್ಷಾಂತರ ಜಾಗಗಳಲ್ಲಿ ಮಾತ್ರ ಒಬ್ಬರಿಂದ ಒಬ್ಬರಿಗೆ ಅಕ್ಷರ ಬದಲಾಗುತ್ತದೆ. ಕಾಯಿಲೆ ಇರುವ ಸಾವಿರಾರು ಜನ, ಇಲ್ಲದ ಲಕ್ಷಾಂತರ ಜನ ಇವರಲ್ಲಿ ಈ ಒಂದೊಂದು ಜಾಗವನ್ನೂ ಹೋಲಿಸುತ್ತಾ ಹೋಗುತ್ತಾರೆ. ಲೆಕ್ಕಕ್ಕೆ ಹೇಳುವುದಾದರೆ, ಆರೋಗ್ಯವಂತರಲ್ಲಿ 100ಕ್ಕೆ 30 ಸಲ ಕಾಣುವ ಒಂದು ಅಕ್ಷರ ಕಾಯಿಲೆಯವರಲ್ಲಿ 32 ಸಲ ಕಂಡಿತು ಎಂದುಕೊಳ್ಳಿ. ಇಷ್ಟು ಸಣ್ಣ ಅಂತರ ಐವತ್ತು ಜನರನ್ನು ನೋಡಿದರೆ ಕಾಣುವುದೇ ಇಲ್ಲ. ಸಾವಿರಾರು ಜನ ಬೇಕು. ಅಷ್ಟೊಂದು ಜಾಗಗಳಲ್ಲಿ ಹುಡುಕಿದಾಗ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿಯೂ ಅಂತರ ಕಂಡೀತು. ಅದಕ್ಕೆ ನಿಯಮ ಬಹಳ ಬಿಗಿ. ಅಂತರ ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ 10 ಕೋಟಿಯಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಡಿಕೋಡ್‌ಎಂಇ ಎಂಬ ಅಧ್ಯಯನ ಮಾಡಿದ್ದು ಇದನ್ನೇ. ಎಡಿನ್‌ಬರಾ ವಿಶ್ವವಿದ್ಯಾಲಯದ ಕ್ರಿಸ್ ಪಾಂಟಿಂಗ್ ಅದರ ಮುಂದಾಳು. ರೋಗಿಗಳೂ ಈ ಅಧ್ಯಯನವನ್ನು ರೂಪಿಸುವುದರಲ್ಲಿ ಕೂತಿದ್ದರು. ಜನ ಮನೆಯಲ್ಲೇ ಎಂಜಲನ್ನು ಕೊಳವೆಗೆ ಹಾಕಿ ಅಂಚೆಯಲ್ಲಿ ಕಳಿಸಿದರು. ಹಾಸಿಗೆ ಬಿಟ್ಟು ಏಳಲಾಗದವರೂ ಹೀಗೆ ಅಧ್ಯಯನದಲ್ಲಿ ಸೇರಲು ಸಾಧ್ಯವಾಯಿತು. ಕಾಯಿಲೆ ಇರುವ 15,579 ಜನರನ್ನು ಇಲ್ಲದ 2,59,909 ಜನರ ಜೊತೆ ಹೋಲಿಸಿದರು. ಎಂಟು ಜಾಗ ಸಿಕ್ಕವು.

ಈ ಎಂಟರ ಪೈಕಿ ಮೂರು ಕಡೆ ಹತ್ತಿರದಲ್ಲಿರುವ ಜೀನ್‌ಗಳು ವೈರಸ್ ಅಥವಾ ಬ್ಯಾಕ್ಟೀರಿಯಾ ಬಂದಾಗ ಮೈ ಹೇಗೆ ಉತ್ತರಿಸುತ್ತದೆ ಎನ್ನುವುದಕ್ಕೆ ಸಂಬಂಧಪಟ್ಟವು. ಹೆಸರುಗಳು ಬಿಟಿಎನ್2ಎ2, ಒಎಲ್ಎಫ್ಎಂ4, ರಾಬ್‌ಗ್ಯಾಪ್1ಎಲ್. ನೆನಪಿಟ್ಟುಕೊಳ್ಳುವ ಅಗತ್ಯ ಇಲ್ಲ. ಸಿಎ10 ಎಂಬ ಇನ್ನೊಂದರ ಹತ್ತಿರದ ಜಾಗ, ಮೈಯ ಹಲವು ಕಡೆ ದೀರ್ಘಕಾಲ ನೋವಿರುವವರಲ್ಲೂ ಮೊದಲೇ ಗುರುತಾಗಿತ್ತು. ಖಿನ್ನತೆ, ಆತಂಕಗಳ ಜೀನ್ ಗುರುತುಗಳ ಜೊತೆ ಈ ಎಂಟು ಹೊಂದುತ್ತವೆಯೇ ಎಂದೂ ನೋಡಿದರು. ಹೊಂದುತ್ತವೆ ಎನ್ನಲು ಆಧಾರ ಸಿಗಲಿಲ್ಲ. "ಎಲ್ಲಾ ಮನಸ್ಸಿನದ್ದು" ಎಂದು ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ ಈ ಒಂದು ಸಾಲಿನ ಬೆಲೆ ಏನು ಎಂದು ಬೇರೆಯವರು ಹೇಳಬೇಕಿಲ್ಲ.

ಈ ಕಾಯಿಲೆ ಹೆಂಗಸರಿಗೇ ಜಾಸ್ತಿ. ಡಿಕೋಡ್‌ಎಂಇಗೆ ಮಾಹಿತಿ ಕೊಟ್ಟವರಲ್ಲೂ 100ಕ್ಕೆ 80ಕ್ಕಿಂತ ಹೆಚ್ಚು ಹೆಂಗಸರು. ಆದರೆ ಸಿಕ್ಕ ಎಂಟು ಜಾಗಗಳಲ್ಲಿ ಗಂಡು ಹೆಣ್ಣು ಎಂಬ ಭೇದ ಕಾಣಲಿಲ್ಲ. ಅಂದರೆ ಹೆಂಗಸರಿಗೇ ಏಕೆ ಎಂಬ ಪ್ರಶ್ನೆಗೆ ಉತ್ತರ ಬೇರೆ ಎಲ್ಲೋ ಇದೆ.

ಇನ್ನೆರಡು ಮಾತು ಇಲ್ಲಿ ಹೇಳಲೇಬೇಕು. ಜೀನ್‌ಗಳ ಹೋಲಿಕೆಗೆ ತೆಗೆದುಕೊಂಡದ್ದು ಯುರೋಪ್ ಮೂಲದವರನ್ನು ಮಾತ್ರ. ಆ ಅಕ್ಷರಗಳು ನಮ್ಮವರಲ್ಲೂ ಅದೇ ಪ್ರಮಾಣದಲ್ಲಿ ಇರುತ್ತವೆ ಎಂದು ಹಾಗೆಯೇ ಒಪ್ಪಿಕೊಳ್ಳಲಾಗದು. ಮತ್ತೆ, ಫಲಿತಾಂಶ ಮೊದಲು ಹೊರಬಂದಾಗ ಬೇರೆ ತಜ್ಞರ ಪರಿಶೀಲನೆ ಇನ್ನೂ ಮುಗಿದಿರಲಿಲ್ಲ. ಆ ಎಂಟು ಅಕ್ಷರಗಳು ಪೂರ್ತಿ ಆರೋಗ್ಯವಾಗಿರುವ ಕೋಟ್ಯಂತರ ಜನರಲ್ಲೂ ಇವೆ. ಆದ್ದರಿಂದ ಇದರಿಂದ ಕಾಯಿಲೆ ಪತ್ತೆ ಮಾಡುವ ಪರೀಕ್ಷೆ ತಯಾರಾಗುವುದಿಲ್ಲ. ಯಾರಾದರೂ "ಜೀನ್ ಟೆಸ್ಟ್ ಮಾಡಿ ಹೇಳುತ್ತೇವೆ" ಎಂದು ಹಣ ಕೇಳಿದರೆ ಕೊಡಬೇಡಿ.

ರೋಗನಿರೋಧಕ ವ್ಯವಸ್ಥೆಯ ಜಾಡು

ಸೋಂಕು ಬಂದಾಗ ರಕ್ತದ ಬಿಳಿ ಕಣಗಳು ಕೆಲಸಕ್ಕಿಳಿಯುತ್ತವೆ. ಅವುಗಳಲ್ಲಿ ಹಲವು ಬಗೆ. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವವು ಕೆಲವು ಟಿ ಕಣಗಳು. ಬಿ ಕಣಗಳಿಂದ ಹುಟ್ಟುವ ಕಣಗಳು ಆಂಟಿಬಾಡಿ ಎಂಬ ಪ್ರೋಟೀನು ತಯಾರಿಸುತ್ತವೆ. ಈ ಆಂಟಿಬಾಡಿ ರೋಗಾಣುವಿಗೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕೆಲವೊಮ್ಮೆ ಗುರಿ ತಪ್ಪಿ ನಮ್ಮದೇ ಮೈಗೆ ಅಂಟಿಕೊಳ್ಳುವ ಆಂಟಿಬಾಡಿಗಳೂ ಹುಟ್ಟುತ್ತವೆ. ರುಮಟಾಯ್ಡ್ ಸಂಧಿವಾತ ಇಂಥದ್ದೇ.

ಎಂಇ/ಸಿಎಫ್‌ಎಸ್ ಕೂಡ ಹಾಗೇ ಇರಬಹುದೇ? ಈ ಪ್ರಶ್ನೆಯ ಹಿಂದೆ ಹೋದವರ ಕಥೆ ಸ್ವಲ್ಪ ನಿಧಾನಕ್ಕೆ ಕೇಳಬೇಕಾದದ್ದು.

ನಾರ್ವೆಯ ಬರ್ಗೆನ್‌ನಲ್ಲಿ ಓಯ್‌ಸ್ಟೈನ್ ಫ್ಲುಗೆ ಮತ್ತು ಓಲಾವ್ ಮೆಲ್ಲಾ ಎಂಬ ಇಬ್ಬರು ಕ್ಯಾನ್ಸರ್ ವೈದ್ಯರಿದ್ದಾರೆ. ಲಿಂಫೋಮಾ ಎಂಬ ಕ್ಯಾನ್ಸರ್ ಜೊತೆಗೆ ಈ ಕಾಯಿಲೆಯೂ ಇದ್ದ ರೋಗಿಯೊಬ್ಬರು ಕ್ಯಾನ್ಸರ್ ಚಿಕಿತ್ಸೆ ಆದ ಮೇಲೆ ಸುಸ್ತಿನಿಂದಲೂ ಹೊರಬಂದದ್ದು ಅವರ ಕಣ್ಣಿಗೆ ಬಿತ್ತು. ಬಿ ಕಣಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನು 30 ರೋಗಿಗಳ ಮೇಲೆ ಪರೀಕ್ಷಿಸಿದರು. ಔಷಧಿ ಪಡೆದ 15ರಲ್ಲಿ 10 ಜನ ಸುಧಾರಿಸಿದರು. ಪಡೆಯದ 15ರಲ್ಲಿ ಇಬ್ಬರು ಮಾತ್ರ. 2011ರಲ್ಲಿ ಇದು ಪ್ರಕಟವಾದಾಗ ಜಗತ್ತಿನೆಲ್ಲೆಡೆಯ ರೋಗಿಗಳಿಗೆ ದೊಡ್ಡ ಆಸೆ ಹುಟ್ಟಿತು.

ಅವರೇ ಮುಂದೆ 151 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿದರು. ಅರ್ಧ ಜನರಿಗೆ ಔಷಧಿ, ಇನ್ನರ್ಧಕ್ಕೆ ಔಷಧಿ ಇಲ್ಲದ ಬರೀ ಸಲೈನ್ ಡ್ರಿಪ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2019ರಲ್ಲಿ ಫಲಿತಾಂಶ ಬಂತು. ಔಷಧಿ ಪಡೆದವರಲ್ಲಿ 100ಕ್ಕೆ 26 ಜನ ಸುಧಾರಿಸಿದ್ದರು. ಸಲೈನ್ ಪಡೆದವರಲ್ಲಿ 35. ಔಷಧಿಗೆ ಏನೂ ಪ್ರಯೋಜನ ಇರಲಿಲ್ಲ. ಇದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು.

"ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡೆ, ಎರಡು ದಿನ ಆರಾಮಾಯ್ತು" ಎಂದು ನಮ್ಮಲ್ಲಿ ಹೇಳುವುದುಂಟಲ್ವಾ? ಡ್ರಿಪ್ ಹಾಕಿಸಿಕೊಂಡಾಗ ಮೂರರಲ್ಲಿ ಒಬ್ಬರಿಗೆ ಹಗುರ ಎನ್ನಿಸಬಹುದು ಎಂಬುದಕ್ಕೆ ಈ ಅಧ್ಯಯನವೇ ಸಾಕ್ಷಿ. ಹೋಲಿಸಿ ನೋಡದೆ ಯಾವ ಚಿಕಿತ್ಸೆಯನ್ನೂ ಒಪ್ಪಬಾರದು ಎನ್ನುವುದು ಇದಕ್ಕೇ.

ಬಿ ಕಣ ನಾಶವಾದರೂ, ಅದರಿಂದ ಮೊದಲೇ ಹುಟ್ಟಿಕೊಂಡು ವರ್ಷಗಟ್ಟಲೆ ಬದುಕುವ ಪ್ಲಾಸ್ಮಾ ಕಣಗಳು ರಿಟುಕ್ಸಿಮ್ಯಾಬ್‌ಗೆ ಸಿಗುವುದಿಲ್ಲ. ಆಂಟಿಬಾಡಿ ತಯಾರಾಗುತ್ತಲೇ ಇರುತ್ತದೆ. ಅದಕ್ಕೇ ಬರ್ಗೆನ್‌ನವರು ಈಗ ಪ್ಲಾಸ್ಮಾ ಕಣಗಳ ಮೇಲೆ ಕೆಲಸ ಮಾಡುವ ಡಾರಾಟುಮುಮ್ಯಾಬ್ ಔಷಧಿಯ ಹಿಂದೆ ಬಿದ್ದಿದ್ದಾರೆ. 2025ರಲ್ಲಿ ಪ್ರಕಟವಾದ ಮೊದಲ ಪ್ರಯತ್ನದಲ್ಲಿ 10 ಹೆಂಗಸರ ಪೈಕಿ 6 ಜನರಲ್ಲಿ ಸುಧಾರಣೆ ಕಂಡಿತು. ಇದರಲ್ಲಿ ಸಲೈನ್ ಪಡೆದ ಗುಂಪು ಇರಲಿಲ್ಲ. ಹಿಂದಿನ ಕಥೆ ಗೊತ್ತಿರುವವರು ಇಷ್ಟಕ್ಕೇ ಕುಣಿಯುವುದಿಲ್ಲ.

ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಅವೀಂದ್ರ ನಾಥ್ ತಂಡ 17 ರೋಗಿಗಳನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ 2024ರಲ್ಲಿ ವರದಿ ಕೊಟ್ಟಿತು. ಟಿ ಕಣಗಳು ಬಹುಕಾಲ ಯಾವುದೋ ಶತ್ರುವಿನ ಜೊತೆ ಕಾದಾಡಿ ಸೋತಂತೆ ತೋರಿಸುವ ಗುರುತುಗಳು ಅವರಿಗೆ ಕಂಡವು. ಸೋಂಕಿನ ಚೂರು ಎಲ್ಲೋ ಉಳಿದಿರಬಹುದು ಎಂಬ ಊಹೆಗೆ ಇದು ಪುಷ್ಟಿ. ಆದರೆ 17 ಜನ ಎಂದರೆ ಸಣ್ಣ ಸಂಖ್ಯೆ. ಸಂಶೋಧನೆಯಲ್ಲಿ ಎಡವಿದ ಉದಾಹರಣೆಯೂ ಇದೆ. ಎಕ್ಸ್‌ಎಂಆರ್‌ವಿ ಎಂಬ ವೈರಸ್ಸೇ ಕಾರಣ ಎಂದು 2009ರಲ್ಲಿ ದೊಡ್ಡ ಸುದ್ದಿಯಾಗಿ, ಅದು ಪ್ರಯೋಗಾಲಯದ ಕಲಬೆರಕೆ ಎಂದು ಗೊತ್ತಾಗಿ, 2011ರಲ್ಲಿ ಆ ಲೇಖನವನ್ನೇ ವಾಪಸ್ ಪಡೆದರು.

ಮಾಂಸಖಂಡದ ಒಂದು ಚೂರು

ಶ್ರಮದ ನಂತರದ ಕುಸಿತ ಕಣ್ಣಿಗೆ ಕಾಣುವಂಥದ್ದೇ ಎಂದು ತೋರಿಸಿದ್ದು ಆಮ್‌ಸ್ಟರ್‌ಡ್ಯಾಮ್‌ನ ಒಂದು ಅಧ್ಯಯನ. ಕೋವಿಡ್ ನಂತರ ಇದೇ ಬಗೆಯ ಕುಸಿತ ಇದ್ದ 25 ಜನರ ತೊಡೆಯಿಂದ ಸೂಜಿಯಲ್ಲಿ ಮಾಂಸಖಂಡದ ಚೂರು ತೆಗೆದರು. ಸುಮಾರು ಕಾಲು ಗಂಟೆ ಸೈಕಲ್ ತುಳಿಸಿದರು. ಮಾರನೆ ದಿನ ಮತ್ತೆ ಚೂರು ತೆಗೆದು ನೋಡಿದರು. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳ ಕೆಲಸ ಇನ್ನಷ್ಟು ಕುಂದಿತ್ತು. ಮಾಂಸಖಂಡಕ್ಕೆ ಪೆಟ್ಟಾದ ಗುರುತುಗಳು ಹೆಚ್ಚಿದ್ದವು. 2024ರ ಜನವರಿಯಲ್ಲಿ ಇದು ಪ್ರಕಟವಾಯಿತು.

ಇದರ ಜೊತೆ ಚಿಕಿತ್ಸೆಯ ನಿಯಮವೂ ಬದಲಾಗಿದೆ. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸುತ್ತಾ ಹೋಗಿ ಎಂದು ಹಿಂದೆ ಹೇಳುತ್ತಿದ್ದರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2021ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಈಗ ಹೇಳುವುದು ಮೈಯ ಮಿತಿಯೊಳಗೆ ಇರಿ ಎಂದು. ಮಿತಿ ಮುಟ್ಟುವ ಮೊದಲೇ ಕೂರಬೇಕು. ಚೆನ್ನಾಗಿರುವ ದಿನವೂ ಬಾಕಿ ಕೆಲಸ ಮುಗಿಸಲು ಹೋಗಬಾರದು. ಕೂಡುಕುಟುಂಬದ ಮನೆಯಲ್ಲಿ, ಅದರಲ್ಲೂ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ, ಸೊಸೆಯೊಬ್ಬಳಿಗೆ ಇದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದನ್ನು ಯಾವ ಮಾರ್ಗಸೂಚಿಯೂ ಬರೆದಿಲ್ಲ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಮನೆಯ ಇನ್ನೊಬ್ಬರೂ ಜೊತೆಗೆ ಹೋಗಿ ಕೇಳಿಸಿಕೊಳ್ಳುವುದು ಒಳ್ಳೆಯದು.

ಡಾಕ್ಟರ ಹತ್ತಿರ ಹೋಗುವ ಮೊದಲು

ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಸದ್ಯಕ್ಕೆ ಇಲ್ಲ. ಆದರೆ ಸುಸ್ತಿಗೆ ಔಷಧಿ ಇರುವ ಕಾರಣಗಳು ಬಹಳ ಇವೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಕ್ಷಯ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ. ಮೊದಲು ಇವು ಇಲ್ಲ ಎಂದು ಖಾತ್ರಿಯಾಗಬೇಕು. ಇವನ್ನು ನೋಡದೆ ನೆಟ್ಟಗೆ ಎಂಇ/ಸಿಎಫ್‌ಎಸ್ ಎಂದುಕೊಂಡು ಕೂರುವುದು ಅಪಾಯ.

ಎರಡು ವಾರ ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನು ಮಾಡಿದಿರಿ, ಯಾವ ದಿನ ಮಲಗಿದಿರಿ, ಎರಡು ಸಾಲು ಸಾಕು. ಕೆಲಸಕ್ಕೂ ಕುಸಿತಕ್ಕೂ ನಡುವಿನ ಒಂದೆರಡು ದಿನದ ಅಂತರ ಬಾಯಿಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ, ಬರೆದಿಟ್ಟರೆ ಎದ್ದು ಕಾಣುತ್ತದೆ.

ನಿಂತಾಗ ತಲೆ ತಿರುಗುವವರು ಮನೆಯಲ್ಲೇ ಒಂದು ಲೆಕ್ಕ ಹಾಕಬಹುದು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಹತ್ತು ನಿಮಿಷ ಅಂಗಾತ ಮಲಗಿ ನಾಡಿ ಎಣಿಸಿ. ಎದ್ದು, ಓಡಾಡದೆ ನಿಂತು, ಹತ್ತು ನಿಮಿಷದವರೆಗೆ ಆಗಾಗ ಎಣಿಸಿ. ತಡೆಯಲಾಗದಿದ್ದರೆ ಕೂಡಲೇ ಕೂತುಬಿಡಿ. ಬಿಪಿ ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ, ಅದಕ್ಕೆ ಪಾಟ್ಸ್ ಎಂಬ ಬೇರೆ ಹೆಸರಿದೆ. ಹತ್ತೊಂಬತ್ತು ವರ್ಷದೊಳಗಿನ ಹುಡುಗ ಹುಡುಗಿಯರಲ್ಲಿ ಈ ಅಳತೆ 40. ಎಂಇ/ಸಿಎಫ್‌ಎಸ್ ಇರುವವರಲ್ಲಿ ಇದು ಜೊತೆಗೇ ಇರುವುದುಂಟು. ಇದರ ತೊಂದರೆ ಕಡಿಮೆ ಮಾಡುವ ಔಷಧಿಗಳಿವೆ. ಅಂಕಿಗಳನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ.

ಸುಸ್ತಿನ ಜೊತೆ ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಆ ಎರಡು ವಾರವನ್ನೂ ಕಾಯಬೇಡಿ, ಮಾರನೆ ದಿನವೇ ಆಸ್ಪತ್ರೆಗೆ ಹೋಗಿ.